ಹಳೆಯ ಸಿಡಿಯಲ್ಲಿದ್ದ ಮಸುಕು: ಬೀಡಿ ಸಿಗರೇಟ್ ಮುಟ್ಟದ ಒಬ್ಬ ಟೀಚರ್ ಪ್ರಕರಣ

ಬೀಡಿ ಸಿಗರೇಟ್ ಮುಟ್ಟದ ಒಬ್ಬ ಟೀಚರ್‌ಗೆ ಬಂದ ಶ್ವಾಸಕೋಶದ ಕ್ಯಾನ್ಸರ್‌ನ ಕಥೆ ಇದು. ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿದ್ದೆ. "ಬರೀರಿ ಡಾಕ್ಟ್ರೇ, ಹೆಸರು ಮಾತ್ರ ಬೇಡ" ಅಂದರು. ಹಾಗಾಗಿ ಹೆಸರು, ಊರು, ಗುರುತು ಸಿಗುವ ಸಣ್ಣಪುಟ್ಟ ವಿವರಗಳನ್ನು ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ನಮ್ಮ ಓಪಿಡಿಯಲ್ಲೂ ಎಲ್ಲರೂ ಅವರನ್ನು ಹಾಗೇ ಕರೆಯುವುದು.

ಹಿನ್ನೆಲೆ

ಹಳೆ ಮೈಸೂರು ಕಡೆಯ ಒಂದು ತಾಲೂಕು ಊರು. ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಮೊದಲ ಸ್ಕ್ಯಾನ್ ಆದಾಗ ವಯಸ್ಸು 54. ಬೀಡಿ ಸಿಗರೇಟ್ ಇರಲಿ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಂಡವರೂ ಅಲ್ಲ. ಜೀವಮಾನದಲ್ಲಿ 100 ಸಿಗರೇಟಿಗಿಂತ ಕಡಿಮೆ ಸೇದಿದವರನ್ನು ವೈದ್ಯರು ಧೂಮಪಾನಿಗಳಲ್ಲ ಎಂದೇ ಲೆಕ್ಕ ಹಾಕುತ್ತಾರೆ. ಟೀಚರ್ ಒಂದನ್ನೂ ಸೇದಿಲ್ಲ. ಯಜಮಾನರು ಹಿಂದೆ ಬೀಡಿ ಸೇದುತ್ತಿದ್ದರು, ಬಿಟ್ಟು ಬಹಳ ವರ್ಷವಾಗಿದೆ. ಮದುವೆಯಾಗಿ ಬಂದ ಮನೆಯಲ್ಲಿ ಗ್ಯಾಸ್ ಬರುವವರೆಗೆ ಸೌದೆ ಒಲೆ, ಕಿಟಕಿ ಇಲ್ಲದ ಅಡುಗೆಮನೆ.

ಇನ್ನೊಂದು ವಿಷಯವನ್ನು ಅವರು ತಾವಾಗಿ ಹೇಳಲಿಲ್ಲ, ನಾನು ಕೇಳಿದ ಮೇಲೆ ಹೇಳಿದರು. ಅವರ ಅಕ್ಕ ಐವತ್ತಕ್ಕೂ ಮೊದಲೇ ತೀರಿಕೊಂಡಿದ್ದರು. ಎದೆಯಲ್ಲಿ ನೀರು ತುಂಬುತ್ತಿತ್ತಂತೆ. ಟಿಬಿ ಅಂತ ಮಾತ್ರೆ ಕೊಟ್ಟಿದ್ದರಂತೆ. ಗುಣವಾಗಲಿಲ್ಲ. ಕಫದಲ್ಲಾಗಲಿ, ಆ ನೀರಿನಲ್ಲಾಗಲಿ ಟಿಬಿ ಕ್ರಿಮಿ ಸಿಕ್ಕಿದ್ದು ಮನೆಯವರಿಗೆ ನೆನಪಿರಲಿಲ್ಲ.

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆ. ಟೀಚರ್‌ಗೆ ಐದು ದಿನ ಜ್ವರ, ಮೈಕೈ ನೋವು. ಆಗ ಎಲ್ಲರೂ ಮಾಡಿಸಿದ ಹಾಗೆ ಅವರೂ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದರು. ಕೋವಿಡ್ ಶ್ವಾಸಕೋಶವನ್ನು ಎಷ್ಟು ಹಿಡಿದಿದೆ ಎನ್ನುವ ಸ್ಕೋರ್ 25ಕ್ಕೆ 6. ಆ ದಿನಗಳಲ್ಲಿ ಮನೆಮಂದಿಯೆಲ್ಲ ನೋಡುತ್ತಿದ್ದದ್ದು ಆ ಒಂದು ಅಂಕಿ ಮಾತ್ರ. ಆರು ಅಂದರೆ ಸದ್ಯ, ಬದುಕಿದೆವು ಅಂತ ಎಲ್ಲರೂ ಉಸಿರು ಬಿಟ್ಟರು. ರಿಪೋರ್ಟಿನ ಕೆಳಗೆ ಇನ್ನೊಂದು ಸಾಲಿತ್ತು. ಬಲಗಡೆ ಮೇಲಿನ ಭಾಗದಲ್ಲಿ 9 ಮಿಲಿಮೀಟರ್‌ನ ಒಂದು ಗ್ರೌಂಡ್ ಗ್ಲಾಸ್ ಗಂಟು, ಮೂರು ತಿಂಗಳ ನಂತರ ಮತ್ತೆ ನೋಡಿ ಎಂದು.

ಗ್ರೌಂಡ್ ಗ್ಲಾಸ್ ಅಂದರೆ ಬಚ್ಚಲುಮನೆ ಕಿಟಕಿಗೆ ಹಾಕುವ ಮಸುಕು ಗಾಜು. ಬೆಳಕು ಬರುತ್ತೆ, ಆಚೆ ಇರೋದು ಸ್ಪಷ್ಟವಾಗಿ ಕಾಣಲ್ಲ. ಸ್ಕ್ಯಾನಿನಲ್ಲಿ ಶ್ವಾಸಕೋಶದ ಒಂದು ಜಾಗ ಹಾಗೆ ಮಸುಕಾಗಿ, ಅದರೊಳಗೆ ಹಾದುಹೋಗುವ ರಕ್ತನಾಳಗಳು ಇನ್ನೂ ಕಾಣುತ್ತಿದ್ದರೆ ಅದಕ್ಕೆ ಈ ಹೆಸರು. ಕೋವಿಡ್ ಕೂಡ ಇದೇ ತರಹದ ಮಸುಕನ್ನೇ ಮಾಡುತ್ತದೆ. ಹಾಗಾಗಿ ಇದೂ ಅದೇ ಇರಬೇಕು ಅಂದುಕೊಂಡದ್ದರಲ್ಲಿ ಆ ದಿನ ತಪ್ಪಿರಲಿಲ್ಲ. ಆದರೆ ಕೋವಿಡ್‌ನ ಮಸುಕು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕರಗುತ್ತದೆ. ಕರಗಿತಾ ಅಂತ ನೋಡಿದರೆ ತಾನೇ ಗೊತ್ತಾಗುವುದು? ಜ್ವರ ಹೋಯಿತು, ಶಾಲೆ ಶುರುವಾಯಿತು, ಸಿಡಿ ಬೀರುವಿಗೆ ಸೇರಿತು. ಮೂರು ತಿಂಗಳ ಸ್ಕ್ಯಾನ್ ಆಗಲೇ ಇಲ್ಲ.

ಸಮಸ್ಯೆ ಕಣ್ಣಿಗೆ ಬಿದ್ದದ್ದು

2023ರ ಆಗಸ್ಟ್‌ನಲ್ಲಿ ನೆಗಡಿ ಹೋದರೂ ಒಣ ಕೆಮ್ಮು ಐದು ವಾರ ಬಿಡಲಿಲ್ಲ. ಊರಿನ ವೈದ್ಯರು ಸಿಟಿ ಮಾಡಿಸಿದರು. ಬಲಗಡೆ ಮೇಲೆ 14 ಮಿಲಿಮೀಟರ್‌ನ ಪ್ಯಾಚ್, ಸೋಂಕಿರಬಹುದು, ಟಿಬಿ ಇದೆಯಾ ನೋಡಿ ಎಂದು ರಿಪೋರ್ಟ್ ಬಂತು. ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡೋಣ ಅಂದಾಗ ಮಗಳು ಬೆಚ್ಚಿದಳು. ದೊಡ್ಡಮ್ಮನ ಕಥೆ ಅವಳಿಗೆ ಗೊತ್ತಿತ್ತು. ತಾಯಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು.

ಊರಿನ ವೈದ್ಯರನ್ನು ದೂರುವ ಹಾಗಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡರೆ ಮೊದಲು ಟಿಬಿ ನೆನಪಾಗುವುದು ಸಹಜ. ನನಗೂ ಆಗುತ್ತದೆ. ಆದರೆ ಇವರಿಗೆ ಜ್ವರವಿಲ್ಲ, ತೂಕ ಇಳಿದಿಲ್ಲ, ರಾತ್ರಿ ಬೆವರಿಲ್ಲ, ಕಫವೇ ಇಲ್ಲ. ಉಪ್ಪುನೀರಿನ ಹಬೆ ಕೊಟ್ಟು ಕಫ ಬರಿಸಿ, ಅದರಲ್ಲಿ ಟಿಬಿ ಕ್ರಿಮಿಯ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಮಾಡಿಸಿದೆವು. ನೆಗೆಟಿವ್. ಒಂಟಿಯಾಗಿ, ದುಂಡಗೆ, ಮಸುಕಾಗಿ ಕೂತ ಗಂಟು ಟಿಬಿಯ ರೂಢಿಯ ಚಹರೆಯೂ ಅಲ್ಲ. ಮಾತ್ರೆ ಶುರು ಮಾಡಲಿಲ್ಲ. ಈ ಪ್ರಕರಣದಲ್ಲಿ ಸರಿಯಾಗಿ ನಡೆದ ಮೊದಲ ತೀರ್ಮಾನ ಇದು. ಆರು ತಿಂಗಳು ಮಾತ್ರೆ ನುಂಗಿ, ಕೆಮ್ಮು ತಾನಾಗಿ ಹೋಗಿ, ಗುಣವಾಯಿತು ಅಂತ ಎಲ್ಲರೂ ನಂಬಿದ್ದರೆ ಆ ಗಂಟಿನ ಕಡೆ ಇನ್ನೆಷ್ಟು ದಿನಕ್ಕೆ ತಿರುಗಿ ನೋಡುತ್ತಿದ್ದೆವೋ.

ಸೋಂಕಾದರೆ ಕರಗಲಿ ಅಂತ ಮೂರು ತಿಂಗಳು ಬಿಟ್ಟು ನವೆಂಬರ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಇಲ್ಲಿ ನನ್ನಿಂದಲೇ ಒಂದು ತಪ್ಪು ಆಗುವುದರಲ್ಲಿತ್ತು. ಆಗಸ್ಟ್‌ನಲ್ಲಿ 14, ನವೆಂಬರ್‌ನಲ್ಲಿ 14. "ಏನೂ ಬದಲಾಗಿಲ್ಲ ಟೀಚರ್, ಒಂದು ವರ್ಷ ಬಿಟ್ಟು ನೋಡೋಣ" ಅಂದೆ. ಅವರು ಕೈಮುಗಿದು ಎದ್ದರು. ಬಾಗಿಲ ಹತ್ತಿರ ಹೋದ ಮಗಳು ಸುಮ್ನೆ ತಿರುಗಿ ಕೇಳಿದಳು. "ಡಾಕ್ಟ್ರೇ, ಕೋವಿಡ್ ಟೈಮಲ್ಲಿ ಅಮ್ಮಂಗೆ ಒಂದು ಸ್ಕ್ಯಾನ್ ಆಗಿತ್ತು. ಅದೇನಾದ್ರೂ ಬೇಕಾ?"

ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಬೇಡ ಅನ್ನುವ ಮಾತು ಬಾಯಿಗೆ ಬಂದಿತ್ತು. ಏಕೋ "ತನ್ನಿ" ಅಂದೆ.

ಸಿಡಿ ತೆರೆದ ದಿನ

ಮರುವಾರ ಸಿಡಿ ಬಂತು. ಪ್ಲಾಸ್ಟಿಕ್ ಕವರಿನಲ್ಲಿ, ಮಕ್ಕಳ ಮಾರ್ಕ್ಸ್ ಕಾರ್ಡ್‌ಗಳ ನಡುವೆ ಇಟ್ಟಿದ್ದರಂತೆ. ನನ್ನ ಕೋಣೆಯ ಕಂಪ್ಯೂಟರಿಗೆ ಸಿಡಿ ಹಾಕುವ ಜಾಗವೇ ಇಲ್ಲ. ಸಿಟಿ ರೂಮಿನ ಟೆಕ್ನೀಷಿಯನ್ ಒಂದು ಹಳೇ ಯಂತ್ರ ಹುಡುಕಿ ತೆರೆದರು. ಮೊದಲ ಸಲ ಓದಲಿಲ್ಲ. ಒರೆಸಿ ಮತ್ತೆ ಹಾಕಿದೆವು. ಎಡಗಡೆ ಪರದೆಯಲ್ಲಿ 2021, ಬಲಗಡೆ ಪರದೆಯಲ್ಲಿ 2023. ಅದೇ ಪಕ್ಕೆಲುಬು, ಅದೇ ರಕ್ತನಾಳದ ಕವಲು, ಅದೇ ಜಾಗ.

ಎಡಗಡೆ 9 ಮಿಲಿಮೀಟರ್‌ನ ಬರೀ ಮಸುಕು. ಬಲಗಡೆ 14 ಮಿಲಿಮೀಟರ್, ಮಧ್ಯದಲ್ಲಿ 5 ಮಿಲಿಮೀಟರ್‌ನ ಗಟ್ಟಿ ಬಿಳಿ ಚುಕ್ಕೆ. ಮೊಟ್ಟೆಯ ಬಿಳಿಯ ನಡುವೆ ಹಳದಿ ಕೂತ ಹಾಗೆ.

ಮೂರು ತಿಂಗಳಲ್ಲಿ ಬದಲಾಗದ ಗಂಟು ಎರಡೂವರೆ ವರ್ಷದಲ್ಲಿ ಪೂರ್ತಿ ಬದಲಾಗಿತ್ತು. ಅಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದೆ. 9ರಿಂದ 14ಕ್ಕೆ ಹೋಗಿದೆ ಅಂದರೆ ಉದ್ದ, ಅಗಲ, ಎತ್ತರ ಮೂರೂ ಸೇರಿದ ಗಾತ್ರ ಸುಮಾರು ಮೂರೂಮುಕ್ಕಾಲು ಪಟ್ಟು. ಅಂದರೆ ಎರಡು ಪಟ್ಟಾಗಲು ಸುಮಾರು 480 ದಿನ. ಇಷ್ಟು ನಿಧಾನದ ಗಂಟು ಮೂರು ತಿಂಗಳಲ್ಲಿ ಬೆಳೆದರೂ ಅಗಲ ಜಾಸ್ತಿಯಾಗುವುದು ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎರಡು ಮಿಲಿಮೀಟರ್ ಆದರೂ ಹೆಚ್ಚಾಗದಿದ್ದರೆ ಬೆಳೆದಿದೆ ಎಂದು ಹೇಳಲು ಬರುವುದಿಲ್ಲ, ಅಳತೆಯ ತಪ್ಪೇ ಅಷ್ಟಿರುತ್ತದೆ. ಮೂರು ತಿಂಗಳ ಹಿಂದಿನ ಸ್ಕ್ಯಾನ್ ಜೊತೆ ಹೋಲಿಸಿ "ಬದಲಾಗಿಲ್ಲ" ಅಂದಿದ್ದೆನಲ್ಲ, ಆ ಮಾತಿಗೆ ಅರ್ಥವೇ ಇರಲಿಲ್ಲ. ಬೆಳಗ್ಗೆ ನೆಟ್ಟ ತೆಂಗಿನ ಸಸಿಯನ್ನು ಸಂಜೆ ಅಳೆದ ಹಾಗೆ.

ಇನ್ನೊಂದು ವಿಷಯವೂ ಗೊತ್ತಾಯಿತು. ಆಗಸ್ಟ್ ಸ್ಕ್ಯಾನಿನ ಚಿತ್ರಗಳನ್ನು 5 ಮಿಲಿಮೀಟರ್ ದಪ್ಪದ ಪದರಗಳಲ್ಲಿ ತೆಗೆದಿದ್ದರು. ಅಷ್ಟು ದಪ್ಪದಲ್ಲಿ 5 ಮಿಲಿಮೀಟರ್‌ನ ಗಟ್ಟಿ ಚುಕ್ಕೆ ಸುತ್ತಲಿನ ಮಸುಕಿನ ಜೊತೆ ಕಲೆತುಹೋಗುತ್ತದೆ. 1 ಮಿಲಿಮೀಟರ್ ಪದರ ಬೇಕಿತ್ತು. ಕೋವಿಡ್ ಕಾಲದ ಆ ಸ್ಕ್ಯಾನ್ ತೆಳು ಪದರದ್ದಾಗಿದ್ದರಿಂದ ಹೋಲಿಕೆ ಸಾಧ್ಯವಾಯಿತು.

ಜಪಾನಿನ ವೈದ್ಯರು 2000ದಲ್ಲಿ ಈ ವೇಗವನ್ನು ಅಳೆದು ಪ್ರಕಟಿಸಿದ್ದರು. ಬರೀ ಮಸುಕಾಗಿದ್ದ ಕ್ಯಾನ್ಸರ್ ಗಂಟು ಎರಡು ಪಟ್ಟಾಗಲು ಸರಾಸರಿ 813 ದಿನ, ಮಸುಕೂ ಗಟ್ಟಿಯೂ ಸೇರಿದ್ದಕ್ಕೆ 457 ದಿನ, ಪೂರ್ತಿ ಗಟ್ಟಿಯಾದದ್ದಕ್ಕೆ 149 ದಿನ. ಟೀಚರ್‌ದು ನಡುವಿನ ಗುಂಪಿಗೆ ಹೆಚ್ಚುಕಡಿಮೆ ಸರಿಯಾಗಿ ಕೂರುತ್ತಿತ್ತು.

ಒಳಗೆ ಏನಾಗುತ್ತಿತ್ತು

ಯಜಮಾನರು ಕೇಳಿದ ಮೊದಲ ಪ್ರಶ್ನೆ: "ಸೇದಿದವನು ನಾನು, ಇವಳಿಗೆ ಯಾಕೆ?" ಅವರ ಕಣ್ಣಲ್ಲಿ ನೀರಿತ್ತು. ಉತ್ತರ ಕೊಡಲೇಬೇಕಿತ್ತು.

ಧೂಮಪಾನ ಮಾಡದವರಲ್ಲಿ ಬರುವ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಅಡಿನೋಕಾರ್ಸಿನೋಮಾ ಜಾತಿಯದು. ಗಾಳಿಚೀಲಗಳ ಗೋಡೆಗೆ ಒಳಗಿನಿಂದ ಹೊದ್ದಿರುವ ಜೀವಕೋಶಗಳಲ್ಲಿ ಹುಟ್ಟುತ್ತದೆ. ಸಿಗರೇಟ್ ಸೇದುವವರ ಗಡ್ಡೆಯಲ್ಲಿ ಡಿಎನ್‌ಎ ತುಂಬ ಏಟುಗಳ ಗುರುತು ಇರುತ್ತದೆ. ಸೇದದವರ ಗಡ್ಡೆಯಲ್ಲಿ ಏಟು ಕಡಿಮೆ, ಆದರೆ ಹಲವು ಸಲ ಒಂದೇ ಒಂದು ಮುಖ್ಯ ಸ್ವಿಚ್ ಆನ್ ಆಗಿ ಸಿಕ್ಕಿಕೊಂಡಿರುತ್ತದೆ. ಇಜಿಎಫ್‌ಆರ್ ಎನ್ನುವ ಜೀನ್ ಇವುಗಳಲ್ಲಿ ಮುಖ್ಯವಾದದ್ದು. ಏಷ್ಯಾದ ಹೆಂಗಸರಲ್ಲಿ ಇದು ಜಾಸ್ತಿ.

ಆದರೆ ಸ್ವಿಚ್ ಆನ್ ಆದ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಚಾರ್ಲ್ಸ್ ಸ್ವಾಂಟನ್ ತಂಡ 2023ರಲ್ಲಿ ತೋರಿಸಿದ್ದು ಇದನ್ನೇ. ಕ್ಯಾನ್ಸರ್ ಇಲ್ಲದ ಶ್ವಾಸಕೋಶದ 295 ತುಣುಕುಗಳನ್ನು ಅವರು ಆಳವಾಗಿ ಹುಡುಕಿದರು. 18% ತುಣುಕುಗಳಲ್ಲಿ ಇಜಿಎಫ್‌ಆರ್ ಬದಲಾವಣೆ ಆಗಲೇ ಇತ್ತು, ಸುಮ್ಮನೆ ಮಲಗಿತ್ತು. ಗಾಳಿಯಲ್ಲಿರುವ ಪಿಎಂ 2.5 ಎನ್ನುವ ಅತಿ ಸಣ್ಣ ಧೂಳು ಒಳಗೆ ಹೋದಾಗ ಅಲ್ಲಿನ ಕಾವಲು ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶ ಬಿಡುತ್ತವೆ. ಮಲಗಿದ್ದ ಕೋಶಗಳು ಅದರಿಂದ ಎಚ್ಚೆತ್ತು ಬೆಳೆಯಲು ಶುರುಮಾಡುತ್ತವೆ. ಇಲಿಗಳಲ್ಲಿ ಆ ಸಂದೇಶವನ್ನು ತಡೆದಾಗ ಗಡ್ಡೆ ಆಗುವುದೂ ಕಡಿಮೆಯಾಯಿತು. ಬೂದಿಯೊಳಗಿನ ಕೆಂಡಕ್ಕೆ ಊದುಗೊಳವೆಯಲ್ಲಿ ಊದಿದ ಹಾಗೆ ಅಂತ ಯಜಮಾನರಿಗೆ ಹೇಳಿದೆ. ಒಲೆಯ ಮುಂದೆ ಕೂತ ಮನೆ ಅದು, ತಕ್ಷಣ ಅರ್ಥವಾಯಿತು.

ಹಾಗಾದರೆ ಒಲೆಯ ಹೊಗೆಯೇ ಕಾರಣವಾ? ಸೌದೆ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ಬಹುಶಃ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ಹೊರಗಿನ ವಾಯುಮಾಲಿನ್ಯವನ್ನು 2013ರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ಪಟ್ಟಿಗೇ ಸೇರಿಸಿತು. ಬೇರೆಯವರು ಸೇದಿ ಬಿಟ್ಟ ಹೊಗೆಯೂ ಆ ಪಟ್ಟಿಯಲ್ಲಿದೆ. ಆದರೆ ಒಬ್ಬರ ವಿಷಯದಲ್ಲಿ ಇದೇ ಕಾರಣ ಎಂದು ಬೆರಳು ತೋರಿಸಲು ಬರುವುದಿಲ್ಲ. ಯಜಮಾನರಿಗೆ ಇದನ್ನು ಎರಡು ಸಲ ಹೇಳಬೇಕಾಯಿತು. ತಪ್ಪಿತಸ್ಥ ಭಾವನೆ ಹೊತ್ತು ಕೂತವರಿಂದ ಒಳ್ಳೆಯ ತೀರ್ಮಾನ ಬರುವುದು ಕಷ್ಟ.

ಈಗ ಮಸುಕಿನಿಂದ ಗಟ್ಟಿಗೆ ಹೋಗುವ ದಾರಿ. ಕಾಂಪೌಂಡ್ ಗೋಡೆಯ ಮೇಲೆ ಮಳೆಗಾಲದಲ್ಲಿ ಪಾಚಿ ಹಬ್ಬುತ್ತದಲ್ಲ, ಮೊದಲ ಹಂತ ಹಾಗೆ. ಕೆಟ್ಟ ಕೋಶಗಳು ಗಾಳಿಚೀಲದ ಗೋಡೆಯ ಮೈಮೇಲೆ ಹಬ್ಬುತ್ತವೆ, ಗೋಡೆ ಕೆಡುವುದಿಲ್ಲ. ಒಳಗೆ ಗಾಳಿ ಇನ್ನೂ ಇರುತ್ತದೆ, ಅದಕ್ಕೇ ಸ್ಕ್ಯಾನಿನಲ್ಲಿ ಮಸುಕು. ಇಂಥ ಹಬ್ಬುವಿಕೆಯನ್ನು ಲೆಪಿಡಿಕ್ ಎನ್ನುತ್ತಾರೆ. ಸಾಮಾನ್ಯವಾಗಿ ಅರ್ಧ ಸೆಂಟಿಮೀಟರ್ ಒಳಗಿನ ಸಣ್ಣ ಕಲೆಯಾಗಿದ್ದು ಕೋಶಗಳು ಸ್ವಲ್ಪ ಮಾತ್ರ ಕೆಟ್ಟಿದ್ದರೆ ಅದು ಕ್ಯಾನ್ಸರ್‌ಗೆ ಮುಂಚಿನ ಹಂತ. ಪೂರ್ತಿ ಕೆಟ್ಟಿದ್ದೂ 3 ಸೆಂಟಿಮೀಟರ್ ಒಳಗೆ, ಗೋಡೆ ಮೇಲಷ್ಟೇ ಇದ್ದರೆ ಅದು ಇದ್ದಲ್ಲೇ ಇರುವ ಕ್ಯಾನ್ಸರ್.

ಆಮೇಲೆ ಒಂದು ದಿನ ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಹುಟ್ಟುತ್ತದೆ. ಅದು ಪಾಚಿಯಂತಲ್ಲ. ಬೇರು ಗೋಡೆಯ ಒಳಗೇ ಇಳಿಯುತ್ತದೆ. ಕ್ಯಾನ್ಸರ್ ಕೋಶಗಳು ತಮ್ಮ ಕೆಳಗಿನ ತೆಳು ಪೊರೆಯನ್ನು ಸೀಳಿ ಒಳಗೆ ನುಗ್ಗುತ್ತವೆ, ಸುತ್ತ ನಾರು ಬೆಳೆಯುತ್ತದೆ, ಗಾಳಿಚೀಲಗಳು ಕುಸಿಯುತ್ತವೆ. ಗಾಳಿ ಹೋಗಿ ಮಾಂಸ ಬಂತು, ಸ್ಕ್ಯಾನಿನಲ್ಲಿ ಮಸುಕಿನ ಬದಲು ಗಟ್ಟಿ ಬಿಳಿ. ಹೀಗೆ ನುಗ್ಗಿದ ಜಾಗ 5 ಮಿಲಿಮೀಟರ್ ದಾಟದಿದ್ದರೆ ಅತ್ಯಲ್ಪ ನುಗ್ಗಿದ ಕ್ಯಾನ್ಸರ್ ಎನ್ನುತ್ತಾರೆ. ಅಲ್ಲಿಯವರೆಗೆ ಪೂರ್ತಿ ತೆಗೆದರೆ ಐದು ವರ್ಷ ಬದುಕುವವರು ಹೆಚ್ಚುಕಡಿಮೆ ನೂರಕ್ಕೆ ನೂರು. ದಾಟಿದರೆ ನುಗ್ಗಿದ ಕ್ಯಾನ್ಸರ್ ಎಂದೇ ಲೆಕ್ಕ. ಈ ಹಂತಗಳ ಹೆಸರನ್ನು 2011ರಲ್ಲಿ ಹೊಸದಾಗಿ ಬರೆದರು. ಕ್ಯಾನ್ಸರ್ ಎಷ್ಟು ಮುಂದುವರಿದಿದೆ ಎಂದು ಹಂತ ಹಾಕುವ, 2017ರಿಂದ ಜಾರಿಗೆ ಬಂದ ಟಿಎನ್‌ಎಂ ಎಂಟನೇ ಆವೃತ್ತಿಯಲ್ಲಿ ಇಂಥ ಗಡ್ಡೆಯ ಹಂತ ನಿರ್ಧಾರವಾಗುವುದು ಒಟ್ಟು ಅಳತೆಯಿಂದಲ್ಲ, ಗಟ್ಟಿ ಭಾಗದ ಅಳತೆಯಿಂದ.

ಪಾಚಿಯೆಲ್ಲ ಅರಳಿ ಆಗುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಎಷ್ಟೋ ಮಸುಕು ಗಂಟುಗಳು ಸೋಂಕಿನವು, ಕರಗಿ ಹೋಗುತ್ತವೆ. ಉಳಿದವುಗಳಲ್ಲೂ ಬಹಳಷ್ಟು ವರ್ಷಗಟ್ಟಲೆ ಹಾಗೇ ಇರುತ್ತವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೇತೃತ್ವದ ಶೆರ್ಲಾಕ್-ಲಂಗ್ ಅಧ್ಯಯನ 2021ರಲ್ಲಿ, ಎಂದೂ ಸೇದದ 232 ಜನರ ಗಡ್ಡೆಗಳನ್ನು ಪರೀಕ್ಷಿಸಿ ಮೂರು ಗುಂಪು ಮಾಡಿತು. ತುಂಬ ನಿಧಾನವಾಗಿ, ವರ್ಷಗಟ್ಟಲೆ ಬೆಳೆಯುವ ಗುಂಪೇ ದೊಡ್ಡದು. ಅದಕ್ಕೆ ಪಾಶ್ಚಾತ್ಯ ಸಂಗೀತದಲ್ಲಿ ಮೆಲುದನಿಗೆ ಹೇಳುವ 'ಪಿಯಾನೊ' ಎಂಬ ಹೆಸರಿಟ್ಟರು. ಮೆಲುದನಿಯದು ಜೋರಾಗುವುದು ಟಿಪಿ53 ಎಂಬ ಕಾವಲು ಜೀನ್ ಕೆಟ್ಟಾಗ, ಕ್ರೋಮೋಸೋಮಿನ ದೊಡ್ಡ ದೊಡ್ಡ ತುಂಡುಗಳೇ ಕಳೆದಾಗ ಅಥವಾ ಹೆಚ್ಚಾದಾಗ, ದೇಹದ ರಕ್ಷಣಾ ಕೋಶಗಳ ಕಣ್ಣು ತಪ್ಪಿಸಲು ಗಡ್ಡೆ ಕಲಿತಾಗ.

ಪೆಟ್ ಸ್ಕ್ಯಾನ್, ಮದುವೆ ಮತ್ತು ಆರು ತಿಂಗಳು

ಸಿಡಿ ನೋಡಿದ ಮೇಲೆ ಆಪರೇಷನ್ ಮಾತು ತೆಗೆದೆ. ಮನೆಯವರು ಯೋಚಿಸುತ್ತೇವೆ ಅಂದರು. ಅಷ್ಟರಲ್ಲಿ ಸೋದರಮಾವ ಒಬ್ಬರ ಸಲಹೆಯಂತೆ ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಗಂಟು ಬೆಳಗಲೇ ಇಲ್ಲ. "ಪೆಟ್‌ನಲ್ಲೇ ಏನೂ ಇಲ್ಲ ಅಂದ್ಮೇಲೆ ಕೊಯ್ಯೋದ್ಯಾಕೆ ಡಾಕ್ಟ್ರೇ?" ಅಂತ ಮಾವ ಕೇಳಿದರು. ಕೇಳುವ ಪ್ರಶ್ನೆಯೇ ಅದು.

ಪೆಟ್ ನೋಡುವುದು ಸಕ್ಕರೆಯ ಹಸಿವನ್ನು. ವೇಗವಾಗಿ ಬೆಳೆಯುವ, ಕೋಶಗಳು ಒತ್ತೊತ್ತಾಗಿರುವ ಗಡ್ಡೆ ಸಕ್ಕರೆ ಹೀರಿ ಬೆಳಗುತ್ತದೆ. ಇದೋ ನಿಧಾನದ್ದು, ಗೋಡೆ ಮೇಲೆ ತೆಳುವಾಗಿ ಹಬ್ಬಿದ್ದು, ನಡುವೆ ಗಾಳಿ ಬೇರೆ. ಇಂಥದ್ದು ಪೆಟ್‌ನಲ್ಲಿ ಬೆಳಗದಿದ್ದರೆ ಕ್ಯಾನ್ಸರ್ ಇಲ್ಲ ಎಂದು ಅರ್ಥವಲ್ಲ. ಸೂಜಿ ಹಾಕಿ ತುಣುಕು ತೆಗೆಯೋಣ ಎಂಬ ಮಾತೂ ಬಂತು. ಅದರಲ್ಲೂ ಒಂದು ತೊಡಕಿದೆ. ಸೂಜಿಯ ತುದಿಗೆ ಪಾಚಿ ಭಾಗ ಮಾತ್ರ ಸಿಕ್ಕರೆ ಅರಳಿ ಬೇರು ಇಲ್ಲ ಎಂದು ಹೇಳಲಾಗದು. ನುಗ್ಗಿದೆಯೋ ಇಲ್ಲವೋ ಎನ್ನಲು ಪೂರ್ತಿ ಗಂಟನ್ನೇ ನೋಡಬೇಕು.

ಟೀಚರ್ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು. "ಏಪ್ರಿಲ್‌ನಲ್ಲಿ ಮಗಳ ಮದುವೆ. ಅಲ್ಲೀವರೆಗೆ ಕಾಯಬಹುದಾ? ಸುಳ್ಳು ಹೇಳಬೇಡಿ."

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಗಟ್ಟಿ ಭಾಗ 5 ಮಿಲಿಮೀಟರ್. ನಾವು ಅನುಸರಿಸುವ ಎದೆಯ ಸ್ಕ್ಯಾನ್ ತಜ್ಞರ ಸಂಘವಾದ ಫ್ಲೈಷ್ನರ್ ಸೊಸೈಟಿಯ 2017ರ ಸೂಚನೆಯಂತೆ ಗಟ್ಟಿ ಭಾಗ 6 ಮಿಲಿಮೀಟರ್ ಒಳಗಿದ್ದರೆ ವರ್ಷಕ್ಕೊಮ್ಮೆ ನೋಡುತ್ತಾ ಐದು ವರ್ಷ ಕಾಯಬಹುದು. ಆದರೆ ಇದು ಬೆಳೆದಿದೆ, ಬರೀ ಮಸುಕಿದ್ದಲ್ಲಿ ಗಟ್ಟಿ ಹುಟ್ಟಿದೆ. ಈಗಲೇ ತೆಗೆಯಿರಿ ಎನ್ನುವವರೂ ಇದ್ದಾರೆ, ಅವರ ಮಾತು ತಪ್ಪೂ ಅಲ್ಲ. 480 ದಿನಕ್ಕೆ ಎರಡು ಪಟ್ಟಾಗುವ ಗಂಟು ಐದಾರು ತಿಂಗಳಲ್ಲಿ ಪ್ರಾಣಕ್ಕೆ ಬರುವುದಿಲ್ಲ ಎಂಬುದು ನನ್ನ ಲೆಕ್ಕ. ಮರುದಿನ ಹೇಳಿದೆ: "ಕಾಯಬಹುದು ಟೀಚರ್. ಆದರೆ ಮೇ ಮೊದಲ ವಾರ ಸ್ಕ್ಯಾನ್. ದಿನಾಂಕ ಈಗಲೇ ಬರೆಯೋಣ." ಮಗಳು ತನ್ನ ಫೋನಿನಲ್ಲೂ ಬರೆದುಕೊಂಡಳು. 2021ರಲ್ಲಿ ತಪ್ಪಿದ್ದು ಸ್ಕ್ಯಾನ್ ಅಲ್ಲ, ದಿನಾಂಕ. ಮೂರು ತಿಂಗಳ ನಂತರ ಎಂದು ಬರೆದದ್ದನ್ನು ಯಾರೂ ನೆನಪಿಡುವುದಿಲ್ಲ, ಇಂಥ ತಾರೀಖು ಅಂದರೆ ನೆನಪಿರುತ್ತದೆ.

ಮದುವೆ ಚೆನ್ನಾಗಿ ಆಯಿತು. ಮೇ 2024ರ ಸ್ಕ್ಯಾನಿನಲ್ಲಿ ಒಟ್ಟು 15, ಗಟ್ಟಿ ಭಾಗ 8. ಹೊರಗಿನ ಮಸುಕು ಹೆಚ್ಚುಕಡಿಮೆ ಅಷ್ಟೇ ಇದ್ದು ಒಳಗಿನ ಗಟ್ಟಿ ಮಾತ್ರ ದೊಡ್ಡದಾಗಿತ್ತು. ಒಟ್ಟು ಅಳತೆ ಮಾತ್ರ ನೋಡಿದ್ದರೆ ಒಂದು ಮಿಲಿಮೀಟರ್ ವ್ಯತ್ಯಾಸ, ಬದಲಾಗಿಲ್ಲ ಎಂದೇ ಬರೆಯುತ್ತಿದ್ದರು. ಹತ್ತಿರದ ಶ್ವಾಸಕೋಶದ ಹೊದಿಕೆಯನ್ನು ಒಂದು ತೆಳು ಗೆರೆ ಒಳಕ್ಕೆ ಎಳೆಯುತ್ತಿತ್ತು. ಈ ಸಲ ನಾನು ಜಾಸ್ತಿ ಮಾತಾಡುವ ಅಗತ್ಯವೇ ಬೀಳಲಿಲ್ಲ. "ಅಕ್ಕನಿಗೆ ಯಾರೂ ಇಷ್ಟು ನೋಡಲಿಲ್ಲ" ಅಂದರು ಟೀಚರ್. ಜೂನ್‌ನಲ್ಲಿ ಆಪರೇಷನ್ ಎಂದು ಒಪ್ಪಿದರು.

ಎಷ್ಟು ತೆಗೆಯುವುದು

ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳು. ಹಿಂದಿನ ರೂಢಿಯಂತೆ ಮೇಲಿನ ಹಾಲೆಯನ್ನೇ ಪೂರ್ತಿ ತೆಗೆಯಬೇಕಿತ್ತು. 2022ರಲ್ಲಿ ಜಪಾನಿನ ಜೆಸಿಒಜಿ 0802 ಅಧ್ಯಯನ ಆ ರೂಢಿಯನ್ನು ಅಲುಗಾಡಿಸಿತು. ಗಡ್ಡೆ 2 ಸೆಂಟಿಮೀಟರ್ ಒಳಗೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿ ಇದ್ದ 1106 ಜನರಲ್ಲಿ ಕೆಲವರಿಗೆ ಹಾಲೆ ಪೂರ್ತಿ, ಕೆಲವರಿಗೆ ಹಾಲೆಯ ಒಂದು ಭಾಗ ಮಾತ್ರ ತೆಗೆದರು. ಐದು ವರ್ಷದ ನಂತರ ಭಾಗ ಮಾತ್ರ ತೆಗೆಸಿಕೊಂಡವರಲ್ಲಿ 94.3% ಬದುಕಿದ್ದರು, ಹಾಲೆ ತೆಗೆಸಿಕೊಂಡವರಲ್ಲಿ 91.1%. ಆದರೆ ಅದೇ ಜಾಗದಲ್ಲಿ ಮತ್ತೆ ಬರುವುದು ಭಾಗ ಮಾತ್ರ ತೆಗೆದವರಲ್ಲಿ ಹೆಚ್ಚಿತ್ತು, 10.5% ಮತ್ತು 5.4%. ಇದನ್ನೂ ಟೀಚರ್‌ಗೆ ಮುಚ್ಚಿಡದೆ ಹೇಳಿದೆವು.

ಅವರದು 15ರಲ್ಲಿ 8 ಗಟ್ಟಿ. ಆ ಅಧ್ಯಯನದ ಅಳತೆಗೆ ಸರಿಹೊಂದುತ್ತಿತ್ತು. ನಮ್ಮ ಸರ್ಜನ್ ಭಾಗ ಮಾತ್ರ ತೆಗೆಯೋಣ ಎಂದಾಗ ಒಪ್ಪಲು ಇನ್ನೊಂದು ಬಲವಾದ ಕಾರಣವಿತ್ತು. ಎಡ ಶ್ವಾಸಕೋಶದಲ್ಲೂ 5 ಮಿಲಿಮೀಟರ್‌ನ ಒಂದು ಬರೀ ಮಸುಕು ಇತ್ತು. 2021ರ ಸಿಡಿಯಲ್ಲೂ ಅಷ್ಟೇ ಇತ್ತು. ಸೇದದವರಲ್ಲಿ ಇಂಥವು ಒಂದಕ್ಕಿಂತ ಹೆಚ್ಚು ಇರುವುದು ಅಪರೂಪವಲ್ಲ, ಒಂದರಿಂದ ಇನ್ನೊಂದು ಹರಡಿದ್ದೇ ಆಗಿರಬೇಕೆಂದಿಲ್ಲ, ಬೇರೆ ಬೇರೆಯಾಗಿ ಹುಟ್ಟಿದ್ದಿರಬಹುದು. ನಾಳೆ ಅದಕ್ಕೂ ಕೈ ಹಾಕಬೇಕಾಗಿ ಬಂದರೆ ಉಸಿರಿಗೆ ಶ್ವಾಸಕೋಶ ಉಳಿದಿರಬೇಕಲ್ಲ.

ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಟ್ಟು ಮಾಡಿದ ಆಪರೇಷನ್. ಸುತ್ತಲಿನ ದುಗ್ಧ ಗ್ರಂಥಿಗಳನ್ನೂ ತೆಗೆದರು. ಮೇಜಿನ ಮೇಲೆ ಇರುವಾಗಲೇ, ತುಣುಕನ್ನು ಹೆಪ್ಪುಗಟ್ಟಿಸಿ ತಕ್ಷಣ ನೋಡುವ ಫ್ರೋಜನ್ ಸೆಕ್ಷನ್‌ನಲ್ಲಿ ಕ್ಯಾನ್ಸರ್ ಹೌದು, ಕತ್ತರಿಸಿದ ಅಂಚು ಶುದ್ಧ ಎಂದು ತಿಳಿಯಿತು. ನಾಲ್ಕನೇ ದಿನ ಮನೆಗೆ ಹೋದರು.

ಸ್ಲೈಡಿನಲ್ಲಿ ಕಂಡದ್ದು

ಹತ್ತು ದಿನದ ನಂತರ ಪೆಥಾಲಜಿಸ್ಟ್ ಫೋನ್ ಮಾಡಿ "ಬಿಡುವಾದರೆ ಬಂದು ನೋಡಿ" ಅಂದರು. ಇಬ್ಬರೂ ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್. ಸ್ಲೈಡನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸಿದರು.

ಅಂಚಿನಲ್ಲಿ ಗಾಳಿಚೀಲಗಳು ತೆಳು ಗೋಡೆಯ ಜೇನುಗೂಡಿನ ಹಾಗೆ. ಸ್ವಲ್ಪ ಮುಂದೆ ಗೋಡೆ ದಪ್ಪವಾಯಿತು, ಅದರ ಮೇಲೆ ಉಬ್ಬಿದ ಕೋಶಗಳು ಸಾಲಾಗಿ ಕೂತಿದ್ದವು, ಗೂಡು ಇನ್ನೂ ಗೂಡಾಗೇ ಇತ್ತು. ಇನ್ನೂ ಮುಂದೆ ಗೂಡೇ ಇಲ್ಲ. ಗುಲಾಬಿ ಬಣ್ಣದ ನಾರಿನ ನಡುವೆ ಕೋಶಗಳು ಚಿಕ್ಕ ಚಿಕ್ಕ ಬಳೆಯ ಹಾಗೆ ಸುತ್ತಿಕೊಂಡಿದ್ದವು. ಪೆಥಾಲಜಿಸ್ಟ್ ಗೋಡೆಯ ಎಲಾಸ್ಟಿಕ್ ನಾರುಗಳಿಗೆ ಕಪ್ಪು ಬಣ್ಣ ಹಿಡಿಸಿದ ಇನ್ನೊಂದು ಸ್ಲೈಡ್ ಇಟ್ಟರು. ಮಸುಕಿನ ಭಾಗದಲ್ಲಿ ಕಪ್ಪು ಗೆರೆ ಉದ್ದಕ್ಕೂ ಹರಿದಿತ್ತು. ಗಟ್ಟಿ ಭಾಗಕ್ಕೆ ಬರುತ್ತಿದ್ದಂತೆ ತುಂಡು ತುಂಡಾಗಿತ್ತು. ಆ ಗೆರೆ ಮುರಿದ ಜಾಗವನ್ನು ಪೆನ್ನಿನ ತುದಿಯಲ್ಲಿ ತೋರಿಸಿ "ಇಲ್ಲಿ ದಾಟಿದೆ ನೋಡಿ" ಅಂದರು.

ನುಗ್ಗಿದ ಭಾಗ 7 ಮಿಲಿಮೀಟರ್. ಅತ್ಯಲ್ಪ ನುಗ್ಗಿದ್ದು ಎನ್ನುವ 5ರ ಗೆರೆಯನ್ನು ಎರಡೇ ಮಿಲಿಮೀಟರ್‌ನಲ್ಲಿ ದಾಟಿತ್ತು. ಗ್ರಂಥಿಗಳಲ್ಲಿ ಏನೂ ಇಲ್ಲ, ಹೊದಿಕೆ ದಾಟಿಲ್ಲ. ಹಂತ 1ಎ1, ನುಗ್ಗಿದ ಕ್ಯಾನ್ಸರ್‌ಗಳ ಪೈಕಿ ಮೊದಲನೆಯ ಮೆಟ್ಟಿಲು. ಗಡ್ಡೆಯಿಂದ ದೂರದಲ್ಲಿ, ಯಾವ ಸ್ಕ್ಯಾನಿನಲ್ಲೂ ಕಾಣದ 2 ಮಿಲಿಮೀಟರ್‌ನ ಇನ್ನೊಂದು ಕಲೆ ಸಿಕ್ಕಿತು, ಕ್ಯಾನ್ಸರ್‌ಗೆ ಮುಂಚಿನ ಹಂತದ್ದು. ಶುರುವಿನಿಂದ ನುಗ್ಗುವವರೆಗಿನ ಇಡೀ ದಾರಿ ಒಬ್ಬರ ಶ್ವಾಸಕೋಶದ ಒಂದು ತುಂಡಿನಲ್ಲೇ ಇತ್ತು. ಜೀನ್ ಪರೀಕ್ಷೆಯಲ್ಲಿ ಇಜಿಎಫ್‌ಆರ್‌ನ 19ನೇ ಎಕ್ಸಾನ್ ಎಂಬ ಭಾಗದಲ್ಲಿ ಒಂದು ತುಣುಕು ಕಳೆದುಹೋಗಿತ್ತು.

ಈ ಜೀನ್ ಬದಲಾವಣೆಗೆ ಆಸಿಮರ್ಟಿನಿಬ್ ಎಂಬ ಮಾತ್ರೆ ಇದೆ. ಆಪರೇಷನ್ ನಂತರ ಮೂರು ವರ್ಷ ಕೊಟ್ಟರೆ 1ಬಿಯಿಂದ 3ಎ ಹಂತದವರಿಗೆ ಲಾಭವಿದೆ ಎಂದು ಅಡೋರಾ ಅಧ್ಯಯನ ತೋರಿಸಿದೆ. ಟೀಚರ್ ಅದಕ್ಕಿಂತ ಮುಂಚಿನ ಹಂತದಲ್ಲಿದ್ದರು. ಮಾತ್ರೆ ಬೇಕಾಗಲಿಲ್ಲ, ಕೀಮೋ ಬೇಕಾಗಲಿಲ್ಲ.

ನಮ್ಮಲ್ಲಿ ಬದಲಾದದ್ದು

ನಾನು ಕಾಯಲು ಒಪ್ಪಿದ ಆ ಆರು ತಿಂಗಳ ಬಗ್ಗೆ ಈಗಲೂ ಯೋಚಿಸುತ್ತೇನೆ. ಡಿಸೆಂಬರ್‌ನಲ್ಲೇ ತೆಗೆದಿದ್ದರೆ 5 ದಾಟುವ ಮುನ್ನವೇ ಸಿಗುತ್ತಿತ್ತೇನೋ. ಹಂತದ ಹೆಸರು ಬದಲಾಗುತ್ತಿತ್ತು, ಆಪರೇಷನ್ ಬಹುಶಃ ಇದೇ ಆಗಿರುತ್ತಿತ್ತು. ಇನ್ನೊಂದು ಕಡೆ, ಆ ದಿನಾಂಕ ಬರೆಯದೆ ಕಾಯಲು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಕಾಯುವುದು ಬೇರೆ, ಮರೆಯುವುದು ಬೇರೆ. 2021ರಿಂದ 2023ರವರೆಗೆ ಆದದ್ದು ಮರೆವು.

ನಮ್ಮ ವಿಭಾಗದಲ್ಲಿ ಈಗ ಮಸುಕು ಗಂಟಿನ ರಿಪೋರ್ಟಿನಲ್ಲಿ ಎರಡು ಅಳತೆ ಬರೆಯುತ್ತೇವೆ, ಒಟ್ಟು ಎಷ್ಟು, ಗಟ್ಟಿ ಎಷ್ಟು. ಜೊತೆಗೆ ಸಿಕ್ಕಿದ ಅತಿ ಹಳೆಯ ಸ್ಕ್ಯಾನ್ ಯಾವ ತಾರೀಖಿನದು, ಅದರ ಜೊತೆ ಹೋಲಿಸಿದರೆ ಹೇಗಿದೆ ಎಂದೂ. ಹೋದ ಸಲದ್ದನ್ನು ಮಾತ್ರ ನೋಡುತ್ತಾ ಹೋದರೆ ಪ್ರತಿ ಸಲವೂ "ಬದಲಾಗಿಲ್ಲ", ಕೊನೆಗೆ ನೋಡಿದರೆ ಎಲ್ಲ ಬದಲಾಗಿರುತ್ತದೆ. ಚೀಟಿ ಬರೆಯುವ ಹುಡುಗಿಗೂ ಹೇಳಿಟ್ಟಿದ್ದೇವೆ, ಕೋವಿಡ್ ಕಾಲದಲ್ಲಿ ಎದೆ ಸ್ಕ್ಯಾನ್ ಆಗಿತ್ತಾ ಅಂತ ಎಲ್ಲರನ್ನೂ ಕೇಳಬೇಕು. ಆ ಎರಡು ವರ್ಷ ನಮ್ಮ ಜನ ಮಾಡಿಸಿದಷ್ಟು ಎದೆ ಸ್ಕ್ಯಾನ್ ಇನ್ಯಾವಾಗಲೂ ಮಾಡಿಸಿಲ್ಲ. ಎಷ್ಟೋ ಮನೆಗಳ ಬೀರುವಿನಲ್ಲಿ ಇಂಥ ಸಿಡಿ ಬಿದ್ದಿರುತ್ತವೆ.

ಹಾಗಂತ ಆರೋಗ್ಯವಾಗಿರುವವರೆಲ್ಲ ಹೋಗಿ ಸ್ಕ್ಯಾನ್ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ತೈವಾನ್ 2022ರಿಂದ ಕುಟುಂಬದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ, ಸೇದದಿದ್ದರೂ, ಕಡಿಮೆ ವಿಕಿರಣದ ಸ್ಕ್ಯಾನ್ ಮಾಡುತ್ತಿದೆ. ಅಲ್ಲಿನ ಟ್ಯಾಲೆಂಟ್ ಅಧ್ಯಯನದಲ್ಲಿ ಅಪಾಯ ಹೆಚ್ಚಿರುವ, ಸೇದದ 12,011 ಜನರನ್ನು ನೋಡಿದಾಗ 2.6% ಜನರಲ್ಲಿ ಕ್ಯಾನ್ಸರ್ ಸಿಕ್ಕಿತು. ಸಿಕ್ಕಿದ್ದೆಲ್ಲ ಪ್ರಾಣಕ್ಕೆ ಬರುವಂಥದ್ದಾ, ಸುಮ್ನೆ ಬಿಟ್ಟಿದ್ದರೂ ಆಗುತ್ತಿತ್ತಾ ಎಂಬ ವಾದ ಅಲ್ಲೂ ನಡೆದಿದೆ. ಮಸುಕು ಕಂಡವರೆಲ್ಲರ ಎದೆ ಕೊಯ್ದರೆ ಪಾಚಿಗೆ ಹೆದರಿ ಗೋಡೆ ಕೆಡವಿದ ಹಾಗಾಗುತ್ತದೆ. ಟೀಚರ್ ಎಡಗಡೆಯ ಮಸುಕನ್ನು ನಾವು ಮುಟ್ಟದೇ ಬಿಟ್ಟಿರುವುದೂ ಇದೇ ಕಾರಣಕ್ಕೆ.

ಜೂನ್ 2025ರಲ್ಲಿ ಅವರು ವರ್ಷದ ಸ್ಕ್ಯಾನಿಗೆ ಬಂದರು. ಅಕ್ಕಪಕ್ಕದವರು ಈಗಲೂ ಕೇಳುತ್ತಾರಂತೆ, ಸೇದದವರಿಗೆ ಹೇಗೆ ಬಂತು ಅಂತ. ಮೊದಲು ಬೇಜಾರಾಗುತ್ತಿತ್ತು, ಈಗ ಕೂರಿಸಿಕೊಂಡು ವಿವರಿಸುತ್ತೇನೆ ಅಂದರು. ಬಟ್ಟೆ ಚೀಲದಿಂದ ಸಿಡಿಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. ಪ್ರತಿಯೊಂದರ ಮೇಲೂ ಬಿಳಿ ಚೀಟಿ, ಬೋರ್ಡಿನ ಮೇಲೆ ಬರೆದಂಥ ದುಂಡನೆ ಅಕ್ಷರದಲ್ಲಿ ತಾರೀಖು ಮತ್ತು ನಂಬರು. ಹೊಸದರ ಕಡೆ ಕೈ ಚಾಚಿದ ನನ್ನನ್ನು ತಡೆದು, 1 ಎಂದು ಬರೆದದ್ದನ್ನು ಮುಂದೆ ಸರಿಸಿದರು. "ಮೊದಲು ಇದು ಹಾಕಿ ಡಾಕ್ಟ್ರೇ."

ಎಡಗಡೆ 2021, ಬಲಗಡೆ 2025. ಎಡ ಶ್ವಾಸಕೋಶದ ಮಸುಕು ಆಗ 5, ಈಗಲೂ 5. ಗಟ್ಟಿ ಇಲ್ಲ. ಮುಂದಿನ ಸ್ಕ್ಯಾನಿನ ತಾರೀಖನ್ನು ಅವರೇ ಹೇಳಿದರು, ನಾನು ಬರೆದುಕೊಂಡೆ.